ಫ್ಲೋಟಿನ ತಂತಿಗೆ ಬೇರೆ ಪೈಪು ಬೇಕು

ಕಾಮಗೆರೆ ಸುತ್ತಿನ ರೈತ ಬಾಂಧವರೇ,

ಕೊಳವೆಬಾವಿಯ ನೀರನ್ನು ತೊಟ್ಟಿಗೆ ತುಂಬಿಸಿಕೊಂಡು ಹಿಪ್ಪುನೇರಳೆಗೂ ಅರಿಶಿನಕ್ಕೂ ಹಾಯಿಸುವವರು ನಮ್ಮಲ್ಲಿ ಅನೇಕರು. ತೊಟ್ಟಿ ತುಂಬಿದೊಡನೆ ಮೋಟಾರು ತಾನೇ ನಿಲ್ಲಲೆಂದು ಫ್ಲೋಟ್ ಸ್ವಿಚ್ ಹಾಕಿಸುವುದು ಒಳ್ಳೆಯದೇ. ನೀರೂ ಉಳಿಯುತ್ತದೆ, ರಾತ್ರಿಯ ನಿದ್ದೆಯೂ ಉಳಿಯುತ್ತದೆ. ಆದರೆ ಫ್ಲೋಟಿನ ತಂತಿಯನ್ನು ಮೋಟಾರಿನ ತಂತಿಗಳ ಜೊತೆ ಒಂದೇ ಪೈಪಿನಲ್ಲಿ ತೂರಿಸುವುದನ್ನು ನಾವು ಬಿಡಲೇಬೇಕು.

ಮೂರು ಫೇಸಿನ ತಂತಿಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಅನೇಕ ಸ್ಟಾರ್ಟರುಗಳ ಕಾಯಿಲ್ ನಡೆಯುವುದೂ ಅದರಲ್ಲಿಯೇ. ಫ್ಲೋಟನ್ನು ನೇರವಾಗಿ ಈ ಕಾಯಿಲಿಗೆ ಜೋಡಿಸಿದರೆ ಅಷ್ಟೂ ವೋಲ್ಟೇಜು ನೀರಿನ ತೊಟ್ಟಿಯವರೆಗೆ ಹೋಗುತ್ತದೆ. ಆದುದರಿಂದ ಬಲ್ಲ ಮೆಕ್ಯಾನಿಕರು ಎರಡು ಪ್ರತ್ಯೇಕ ಸುತ್ತುಗಳುಳ್ಳ ಚಿಕ್ಕ ಟ್ರಾನ್ಸ್‌ಫಾರ್ಮರಿನಿಂದ 24 ವೋಲ್ಟಿಗೆ ಇಳಿಸುತ್ತಾರೆ. ಫ್ಲೋಟು ರಿಲೇಯನ್ನು ನಡೆಸುತ್ತದೆ, ರಿಲೇ ಸ್ಟಾರ್ಟರನ್ನು ನಡೆಸುತ್ತದೆ.

ಇಷ್ಟು ಮಾಡಿಯೂ ಪೈಪಿನ ಕಾಸು ಉಳಿಸಲು ಹೋಗಿ ಕೆಡಿಸುತ್ತೇವೆ. 24 ವೋಲ್ಟಿಗೆಂದು ತಂದ ತಂತಿಯ ಹೊದಿಕೆ ತೆಳುವು. ಒಂದೇ ಪೈಪಿನಲ್ಲಿ ಇಲಿ ಕಡಿದರೆ, ಇಲ್ಲವೆ ಬಿಸಿಗೆ ಹೊದಿಕೆ ಕರಗಿದರೆ, ಮೋಟಾರಿನ ಕರೆಂಟ್ ಫ್ಲೋಟಿನ ತಂತಿಗೆ ಹಾಯುತ್ತದೆ. ಆಮೇಲೆ 24 ಎಂಬುದು ಬರೀ ಹೆಸರು. ತೊಟ್ಟಿಗೆ ಕೈಯಿಟ್ಟವನ ಪ್ರಾಣಕ್ಕೇ ಕುತ್ತು.

ಎರಡು ಬಗೆಯ ತಂತಿಗಳು ಒಂದೇ ಪೆಟ್ಟಿಗೆಯಲ್ಲಿ ಸೇರಲೇಬೇಕಾದರೆ ನಡುವೆ ಅಡ್ಡತಡಿಕೆ ಇರಲಿ. ಎಲ್ಲ ತಂತಿಗಳ ಹೊದಿಕೆಯೂ ಅಲ್ಲಿನ ಹೆಚ್ಚಿನ ವೋಲ್ಟೇಜನ್ನು ತಾಳುವಂಥದಿರಲಿ. ಐ.ಎಸ್. 694, 1100 ವೋಲ್ಟ್ ಎಂದು ಅಚ್ಚಾದ ತಂತಿ ಇದಕ್ಕೆ ತಕ್ಕುದು. ಪೆಟ್ಟಿಗೆಗೆ ಅರ್ತ್ ತಪ್ಪದೆ ಇರಬೇಕು.

ಇನ್ನೊಂದು ಮಾತು. ಕೆಲವರು ಫ್ಲೋಟಿಗೆ ಮನೆಯ 230 ವೋಲ್ಟ್ ಲೈನಿನಿಂದ ಕರೆಂಟ್ ಕೊಡುತ್ತಾರೆ. ಆಗ ಪಂಪಿನ ಮೇನ್ ಸ್ವಿಚ್ ತೆಗೆದರೂ ಸ್ಟಾರ್ಟರಿನೊಳಗೆ ಒಂದು ತಂತಿ ಜೀವಂತವಾಗಿಯೇ ಇರುತ್ತದೆ. ಮೇನ್ ತೆಗೆದಿದ್ದೇನೆಂದು ನಂಬಿ ಕೈಹಾಕಿದವನ ಗತಿ ಏನು? ಅಂಥ ಪೆಟ್ಟಿಗೆಯ ಬಾಗಿಲ ಮೇಲೆ “ಎರಡು ಕಡೆಯಿಂದ ಕರೆಂಟ್ ಇದೆ” ಎಂದು ದಪ್ಪಕ್ಷರದಲ್ಲಿ ಬರೆಸಿರಿ. ಎರಡನ್ನೂ ತೆಗೆದು, ಮೀಟರಿನಿಂದ ನೋಡಿದ ಮೇಲೆಯೇ ಮುಟ್ಟಲಿ.

ಕಂಬದ ಲೈನು ಚೆಸ್ಕಾಂನದು; ಪಂಪ್‌ಮನೆಯೊಳಗಿನ ವೈರಿಂಗ್ ನಮ್ಮದು, ಅದರ ಹೊಣೆಯೂ ನಮ್ಮದೇ. ಪರವಾನಗಿ ಇರುವ ಮೆಕ್ಯಾನಿಕನನ್ನೇ ಕರೆಸಿ, “ಫ್ಲೋಟಿನ ತಂತಿಗೆ ಬೇರೆ ಪೈಪು ಹಾಕಪ್ಪಾ” ಎಂದು ನೀವೇ ಬಾಯಿಬಿಟ್ಟು ಹೇಳಿರಿ. ಒಂದು ಪೈಪಿನ ಬೆಲೆ ಮನೆಯ ಒಂದು ಜೀವಕ್ಕಿಂತ ದೊಡ್ಡದಲ್ಲ.