ವೃಷಭಾವತಿಯ ಮೀನೂ ಭಾರಲೋಹಗಳೂ

ವಿಜಯನಗರದಿಂದ ಮೈಸೂರು ರಸ್ತೆಯ ಕಡೆಗೆ ಇಳಿಯುವವರು ಮೂಗಿಗೆ ವಸ್ತ್ರ ಹಿಡಿದು ದಾಟುವ ಕರಿಯ ನೀರಿಗೆ ನಮ್ಮಲ್ಲಿ ದೊಡ್ಡ ಮೋರಿಯೆಂದೇ ಹೆಸರು. ವಾಸ್ತವವಾಗಿ ಅದು ವೃಷಭಾವತಿ ನದಿ. ನಗರದ ಪಶ್ಚಿಮ ಭಾಗದ ಚರಂಡಿಗಳ ನೀರನ್ನೂ ಪೀಣ್ಯದ ಕಡೆಯ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು, ಕೆಂಗೇರಿಯನ್ನು ಹಾದು, ಬಿಡದಿಯ ಸಮೀಪದ ಬೈರಮಂಗಲದ ಕಡೆಗೆ ಸಾಗಿ, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಅದು ಕಾವೇರಿಯೊಡನೆ ಬೆರೆಯುತ್ತದೆ. ವಿಜಯನಗರದ ಬಳಿ ಈ ನೀರಿನಲ್ಲಿ ಮೀನನ್ನು ಹುಡುಕುವುದು ವ್ಯರ್ಥ. ನಮ್ಮ ಚಿಂತೆಯೆಲ್ಲ ಕೆಳಗಿನ ಕೆರೆ ಹೊಳೆಗಳಲ್ಲಿ ಇನ್ನೂ ಬದುಕಿರುವ ಮೀನುಗಳದು.

ಚರಂಡಿಯ ಕೊಳೆಗೂ ಲೋಹಕ್ಕೂ ಮುಖ್ಯವಾದ ಒಂದು ಭೇದವುಂಟು. ಕೊಳೆಯನ್ನು ಬ್ಯಾಕ್ಟೀರಿಯಾಗಳು ಕಾಲಕ್ರಮದಲ್ಲಿ ತಿಂದು ಮುಗಿಸುತ್ತವೆ. ಲೋಹಲೇಪನದ ತೊಟ್ಟಿಗಳಿಂದ ಹೊರಬಿದ್ದ ಕ್ರೋಮಿಯಂ, ನಿಕಲ್, ಸತು, ಕ್ಯಾಡ್ಮಿಯಂಗಳನ್ನು ಯಾವ ಜೀವಿಯೂ ನಾಶಮಾಡಲಾರದು. ಅವು ಹೂಳಿನಲ್ಲಿ ತಂಗುತ್ತವೆ. ತಳದ ಕೆಸರನ್ನು ಕೆದಕಿ ಮೇಯುವ ಗೆಂಡೆ ಮೀನಿನ ಹೊಟ್ಟೆಯನ್ನು ಸೇರುತ್ತವೆ. ಕ್ಯಾಡ್ಮಿಯಮ್ಮಿನ ಕುಯುಕ್ತಿಯಂತೂ ವಿಚಿತ್ರವಾದುದು. ಸುಣ್ಣದ ಅಂಶವಾದ ಕ್ಯಾಲ್ಸಿಯಂ ಒಳಹೋಗಲೆಂದು ಕಿವಿರಿನಲ್ಲಿರುವ ದಾರಿಯಲ್ಲೇ ಅದೂ ನುಸುಳುತ್ತದೆ. ನೀರು ಗಡುಸಾಗಿದ್ದರೆ ಕ್ಯಾಲ್ಸಿಯಮ್ಮೇ ಆ ದಾರಿಯನ್ನು ಆಕ್ರಮಿಸಿ ಮೀನನ್ನು ಸ್ವಲ್ಪಮಟ್ಟಿಗೆ ಕಾಪಾಡುತ್ತದೆ.

ಒಳಸೇರಿದ ಲೋಹ ಎಲ್ಲಿ ಶೇಖರವಾಗುತ್ತದೆ? ಬಹುಮಟ್ಟಿಗೆ ಯಕೃತ್ತಿನಲ್ಲಿ ಮತ್ತು ಮೂತ್ರಪಿಂಡದಲ್ಲಿ. ಅನರ್ಥದ ಬೀಜವಿರುವುದು ಇಲ್ಲಿಯೇ. ನಮ್ಮ ದೇಹದಲ್ಲಿ ರಕ್ತಕಣಗಳು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಮೀನಿಗೆ ಅಂತಹ ಮಜ್ಜೆಯಿಲ್ಲ. ಅದರ ಮೂತ್ರಪಿಂಡದ ಮುಂಭಾಗವೇ ಆ ಕೆಲಸವನ್ನು ಮಾಡುತ್ತದೆ. ರೋಗಾಣುಗಳನ್ನು ನುಂಗುವ ಬಿಳಿಯ ಕಣಗಳೂ ಪ್ರತಿಕಾಯಗಳನ್ನು ತಯಾರಿಸುವ ಕಣಗಳೂ ಅಲ್ಲಿ ಮತ್ತು ಗುಲ್ಮದಲ್ಲಿ ನೆಲೆಸಿರುತ್ತವೆ. ಸೈನ್ಯದ ಪಾಳೆಯದ ನಡುವೆಯೇ ವಿಷದ ಉಗ್ರಾಣವನ್ನು ಕಟ್ಟಿದಂತಾಯಿತು! ಮೆಟಲೋಥಯೋನೀನ್ ಎಂಬ ಪ್ರೋಟೀನು ಲೋಹವನ್ನು ಬಿಗಿದು ಕಟ್ಟಿಹಾಕುವುದು ನಿಜ. (ಇದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಕುದುರೆಯ ಮೂತ್ರಪಿಂಡದಲ್ಲಿ.) ಆದರೆ ಆ ರಕ್ಷಣೆಗೂ ಒಂದು ಮಿತಿಯುಂಟು. ಅದು ಮೀರಿದಾಗ ನುಂಗುಕಣಗಳು ಮಂದವಾಗುತ್ತವೆ, ಪ್ರತಿಕಾಯಗಳು ಕಡಮೆಯಾಗುತ್ತವೆ, ಮೈಮೇಲಿನ ಲೋಳೆಯ ಕವಚವೂ ಕೆಡುತ್ತದೆ. ಆಗ ಯಾವಾಗಲೂ ನೀರಿನಲ್ಲಿದ್ದ ಏರೋಮೊನಾಸಿನಂತಹ ಸಾಮಾನ್ಯ ಬ್ಯಾಕ್ಟೀರಿಯಾ ಹುಣ್ಣನ್ನು ಹುಟ್ಟಿಸಿ ಮೀನನ್ನು ಕೊಲ್ಲುತ್ತದೆ. ಹೆಸರು ಬರುವುದು ಬ್ಯಾಕ್ಟೀರಿಯಾಕ್ಕೆ. ಬಾಗಿಲು ತೆರೆದಿಟ್ಟ ಲೋಹದ ಹೆಸರನ್ನು ಎತ್ತುವವರಿಲ್ಲ.

ಮೀನು ರಾಶಿರಾಶಿಯಾಗಿ ತೇಲಿದಾಗ ಮಾತ್ರ ನಮಗೆ ಎಚ್ಚರ. ಇದೇ ನಗರದ ಪೂರ್ವಭಾಗದ ಹಲಸೂರು ಕೆರೆಯಲ್ಲಿ 2016ರ ಮಾರ್ಚಿಯಲ್ಲಿ ಸಾವಿರಾರು ಮೀನುಗಳು ಸತ್ತಾಗ ಆಮ್ಲಜನಕದ ಅಭಾವದ ಮಾತು ಬಂದಿತು. ಅಂತಹ ಹಠಾತ್ ಸಾವಿಗೆ ಅದು ಸಾಕಷ್ಟು ಕಾರಣವೇ ಇರಬಹುದು. ಆದರೆ ಲೋಹದಿಂದ ದುರ್ಬಲವಾದ ಮೀನು ಒಂದೇ ದಿನ ತೇಲುವುದಿಲ್ಲ. ಇಂದು ಎರಡು, ನಾಳೆ ನಾಲ್ಕು ಎಂಬಂತೆ ಹದ್ದು ಕೊಕ್ಕರೆಗಳ ಪಾಲಾಗುತ್ತದೆ. ಜಿಲೇಬಿ ಮೀನು ಕೊಳಕು ನೀರಿನಲ್ಲಿಯೂ ಕೊಬ್ಬಿ ಬೆಳೆಯುವುದನ್ನು ತೋರಿಸಿ ನೀರು ಚೆನ್ನಾಗಿದೆಯೆನ್ನುವವರುಂಟು. ಅದು ಮೀನಿನ ಗಟ್ಟಿತನವನ್ನು ಹೇಳುತ್ತದೆ, ನೀರಿನ ಗುಣವನ್ನಲ್ಲ.

ನಮ್ಮ ಆಕ್ಷೇಪಣೆ ಇರುವುದು ಅಳತೆಗೋಲಿನ ವಿಷಯದಲ್ಲಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನುಗಾರಿಕೆಗೆ ಯೋಗ್ಯವಾದ ನೀರು 'ಡಿ' ವರ್ಗದ್ದು. ಅದಕ್ಕೆ ಕೇಳುವುದು ಮೂರೇ ಗುಣ: ಪಿ.ಎಚ್. 6.5ರಿಂದ 8.5, ಲೀಟರಿಗೆ 4 ಮಿಲಿಗ್ರಾಂ ಅಥವಾ ಹೆಚ್ಚು ಆಮ್ಲಜನಕ, 1.2 ಮಿಲಿಗ್ರಾಂ ಮೀರದ ಅಮೋನಿಯ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳ ಸುದ್ದಿಯೇ ಈ ಪಟ್ಟಿಯಲ್ಲಿಲ್ಲ. ನಿತ್ಯ ಲೋಹವನ್ನು ನುಂಗುವ ಮೀನಿನ ಕೆರೆಯೂ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗಬಹುದು.

ಹೊಳೆಯಲ್ಲಿ ಲೋಹದ ಪರಿಣಾಮವನ್ನು ಅಮೋನಿಯದ ಪರಿಣಾಮದಿಂದ ಬೇರ್ಪಡಿಸುವುದು ಕಷ್ಟವೆಂಬುದನ್ನು ನಾವು ಒಪ್ಪುತ್ತೇವೆ. ಆದುದರಿಂದಲೇ ನೀರೊಂದನ್ನೇ ಅಳೆದರೆ ಸಾಲದು. ಬೈರಮಂಗಲದಲ್ಲಿಯೂ ಅರ್ಕಾವತಿಯ ಕೆಳಭಾಗದಲ್ಲಿಯೂ ವರ್ಷಕ್ಕೆರಡು ಬಾರಿ, ಮಳೆಗೆ ಮುಂಚೆ ಒಮ್ಮೆ, ಅನಂತರ ಒಮ್ಮೆ, ಹೂಳಿನ ಲೋಹವನ್ನು ಅಳೆಯಬೇಕು. ಮೀನಿನ ಗುಲ್ಮವನ್ನೂ ಮೂತ್ರಪಿಂಡವನ್ನೂ ಸೂಕ್ಷ್ಮದರ್ಶಕದಡಿಯಲ್ಲಿ ನೋಡಬೇಕು. ವೃಷಭಾವತಿ ಕೂಡುವ ಸ್ಥಳಕ್ಕಿಂತ ಮೇಲಿನ ಅರ್ಕಾವತಿಯ ಮೀನನ್ನು ಹೋಲಿಕೆಗಾಗಿ ಹಿಡಿಯಬೇಕು. ಅದೂ ಜೀವಂತವಾಗಿರುವಾಗಲೇ, ಬೇಸಗೆಯ ಬಿಸಿಲಿನಲ್ಲಿ ಸತ್ತ ಮೀನಿನ ಮೂತ್ರಪಿಂಡ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ.