ಆ ಮಗುವಿನ ಪರವಾಗಿ ಉತ್ತರ ಹೇಳುವವರು ಬೇಕಾಗಿದ್ದಾರೆ

ನಲ್ಲೂರಿನ ಮತ್ತು ಸುತ್ತಮುತ್ತಲ ಹಳ್ಳಿಗಳ ಬಂಧುಗಳೇ,

ಫಿಟ್ಸ್ ಬರುವ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರೆ ವೈದ್ಯರು ಮೊದಲು ಪ್ರಶ್ನೆ ಕೇಳುತ್ತಾರೆ. ಕೊನೆಯ ಸಲ ಬಂದದ್ದು ಯಾವಾಗ? ಎಷ್ಟು ನಿಮಿಷ ಇತ್ತು? ಜ್ವರವಿತ್ತೇ? ಮಾತ್ರೆ ತಪ್ಪಿತ್ತೇ? ಮನೆಯ ಮಗುವಾದರೆ ತಾಯಿ ಥಟ್ಟನೆ ಹೇಳುತ್ತಾಳೆ. ಅನಾಥಾಲಯದ ಮಗುವಿನ ಜೊತೆ ಬಂದಿರುವುದು ಆ ದಿನದ ಪಾಳಿಯ ಆಯಾ. ರಾತ್ರಿ ಫಿಟ್ಸ್ ಬಂದಾಗ ಕೆಲಸದಲ್ಲಿದ್ದವರು ಬೇರೆ. ಅವರ ಮಮತೆಗೇನೂ ಕೊರತೆಯಿಲ್ಲ; ಒಬ್ಬೊಬ್ಬರ ಪಾಲಿಗೆ ಹಲವು ಮಕ್ಕಳಿರುತ್ತಾರೆ. ಉತ್ತರ ಸಿಗದಿದ್ದರೆ ವೈದ್ಯರು ಅಂದಾಜಿನ ಮೇಲೆ ನಡೆಯಬೇಕಾಗುತ್ತದೆ.

ಅಂಗವೈಕಲ್ಯವಿರುವ ಅನಾಥಾಲಯದ ಮಕ್ಕಳಿಗೆ ಊಟವೂ ಚಿಕಿತ್ಸೆಯ ಭಾಗವೇ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ನೆಟ್ಟಗೆ ಕೂರಿಸಬೇಕು. ತಲೆ ಹಿಂದಕ್ಕೆ ವಾಲದಂತೆ ಹಿಡಿಯಬೇಕು. ಅನ್ನವನ್ನು ಮೆತ್ತಗೆ ಹಿಚುಕಿ ಅರ್ಧರ್ಧ ಚಮಚ ಕೊಡಬೇಕು. ನುಂಗಿದ್ದು ಖಾತ್ರಿಯಾದ ಮೇಲೆಯೇ ಮುಂದಿನ ತುತ್ತು. ಅವಸರ ಮಾಡಿದರೆ ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಒಂದು ಊಟಕ್ಕೆ ಅರ್ಧ ಗಂಟೆ ಮೀರುವುದೂ ಉಂಟು. ಅಷ್ಟು ಹೊತ್ತು ಕೂರಲು ಕೈಗಳು ಬೇಕು.

ಕಾನೂನು ಈ ಮಕ್ಕಳನ್ನು ಮರೆತಿಲ್ಲ. 2016ರ ಬಾಲನ್ಯಾಯ ಮಾದರಿ ನಿಯಮಗಳ ಪ್ರಕಾರ, ಸಂಸ್ಥೆಗೆ ಸೇರಿದ 24 ಗಂಟೆಯೊಳಗೆ ಮಗುವಿನ ವೈದ್ಯಕೀಯ ತಪಾಸಣೆ ಆಗಬೇಕು. ಆಮೇಲೆ ತಿಂಗಳಿಗೊಮ್ಮೆ ತಪಾಸಣೆ, ಅದರ ದಾಖಲೆ. ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ. ಇವೆಲ್ಲ ಮಗುವಿನ ಕೈಸೇರಬೇಕಾದರೆ ಯಾರಾದರೂ ಓಡಾಡಬೇಕು. ಆ ಓಡಾಟದಲ್ಲಿ ಒಂದಿಷ್ಟು ಪಾಲು ನಿಮ್ಮದಾಗಲಿ ಎಂಬುದೇ ನಮ್ಮ ಕೋರಿಕೆ.

ನಿವೃತ್ತ ಶಿಕ್ಷಕರೇ, ದಾದಿಯರೇ, ನಿಮಗೆ ಬರೆದಿಡುವ ಶಿಸ್ತಿದೆ. ಒಂದು ಮಗುವಿನ ಆರೋಗ್ಯ ಪುಸ್ತಕದ ಹೊಣೆ ಹೊರಿ. ಫಿಟ್ಸ್ ಬಂದ ದಿನ, ಬದಲಾದ ಮಾತ್ರೆ, ತೂಕ ಎಲ್ಲವೂ ಅದರಲ್ಲಿರಲಿ. ಆಸ್ಪತ್ರೆಗೆ ಪ್ರತಿಸಲವೂ ನೀವೇ ಜೊತೆಗೆ ಹೋಗಿ.

ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವ ತಮ್ಮಂದಿರೇ, ನಮ್ಮ ಕಡೆಯಿಂದ ನಿಮ್ಹಾನ್ಸ್‌ಗೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ಹೋಗಿಬರಲು ಒಂದು ದಿನವೇ ಬೇಕು. ಕುತ್ತಿಗೆ ನಿಲ್ಲದ ಮಗುವನ್ನು ಬಸ್ಸಿನಲ್ಲಿ ಕರೆದೊಯ್ಯುವ ಕಷ್ಟ ನಿಮಗೆ ಗೊತ್ತು. ತಿಂಗಳಲ್ಲಿ ಒಂದು ದಿನ ನಿಮ್ಮ ಗಾಡಿ ಆ ಮಗುವಿಗಿರಲಿ.

ಪಂಚಾಯಿತಿ ಸದಸ್ಯರೇ, ಪಂಚಾಯಿತಿಯ ಸ್ವಂತ ಸಂಪನ್ಮೂಲದ ಶೇ 5ರಷ್ಟು ಹಣ ಅಂಗವಿಕಲರಿಗೆ ಮೀಸಲು. ನಿಮ್ಮ ವ್ಯಾಪ್ತಿಯಲ್ಲಿ ಇಂಥ ಸಂಸ್ಥೆಯಿದ್ದರೆ ಅಲ್ಲಿನ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಂಗವಿಕಲರ ವಿಶಿಷ್ಟ ಗುರುತಿನ (ಯುಡಿಐಡಿ) ಕಾರ್ಡ್ ಇಲ್ಲದವರಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ಅರ್ಜಿ ಹಾಕಿಸಿ.

ಮಕ್ಕಳ ಹುಟ್ಟುಹಬ್ಬಕ್ಕೆ ಅನಾಥಾಲಯದಲ್ಲಿ ಸಿಹಿ ಹಂಚುವ ದಂಪತಿಗಳೇ, ನಿಮ್ಮದು ದೊಡ್ಡ ಮನಸ್ಸು. ಈ ಸಲ ಹೋಗುವ ಮೊದಲು ಏನು ಬೇಕೆಂದು ವಿಚಾರಿಸಿ. ಕಾಲಿಗೆ ಚಿಕ್ಕದಾದ ಸ್ಪ್ಲಿಂಟ್ ಬದಲಿಸಬೇಕಿರಬಹುದು, ಫಿಜಿಯೋಥೆರಪಿಯ ಶುಲ್ಕ ಕಟ್ಟಬೇಕಿರಬಹುದು. ಫೋಟೊ ಮಾತ್ರ ಹಂಚಬೇಡಿ. ಮಗುವಿನ ಗುರುತು ಬಯಲಾಗದಂತೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ರಕ್ಷಣೆ ಕೊಟ್ಟಿದೆ.

ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ ಬೀರಸಂದ್ರದ ಜಿಲ್ಲಾಡಳಿತ ಭವನಕ್ಕೆ ಹೋಗಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಬಗ್ಗೆ ವಿಚಾರಿಸಿ. ನೋಂದಾಯಿತ ಸಂಸ್ಥೆಗಳ ವಿವರ ಪಡೆಯಿರಿ. ಆ ಸಂಸ್ಥೆಗಳ ನಿಯಮಗಳಿಗೆ ಒಪ್ಪಿಯೇ ಒಳಗೆ ಕಾಲಿಡಿ. ಮಕ್ಕಳ ಸುರಕ್ಷತೆಗೆ ಅದು ಅಗತ್ಯ.

ಎಲ್ಲವನ್ನೂ ಒಬ್ಬರೇ ಮಾಡಬೇಕಿಲ್ಲ. ಒಂದು ಮಗು, ಒಂದು ಜವಾಬ್ದಾರಿ ಸಾಕು. ಆದರೆ ಅದನ್ನು ನಡುವೆ ಕೈಬಿಡಬೇಡಿ. ಈ ತಿಂಗಳೇ ಒಂದು ಸಂಸ್ಥೆಯ ಅಧೀಕ್ಷಕರನ್ನು ಕಂಡು, ‘ಮುಂದಿನ ಸಲ ಆಸ್ಪತ್ರೆಗೆ ಹೋಗುವುದು ಯಾವತ್ತು? ನಾನೂ ಬರುತ್ತೇನೆ’ ಎಂದು ಹೇಳಿ.