ಸದ್ದಿಲ್ಲದ ಜಾಗವೂ ಊರಿನ ಆಸ್ತಿ

ಮಂಗಳೂರಿಗೆ ಬಂದ ನೆಂಟರು ಮೊದಲು ಕೇಳುವುದು ಕಡಲನ್ನು. ಪಣಂಬೂರಿಗೋ ಸೋಮೇಶ್ವರಕ್ಕೋ ಕರೆದುಕೊಂಡು ಹೋಗುತ್ತೇವೆ. ರಜಾದಿನದ ಸಂಜೆ ಪಣಂಬೂರಿನಲ್ಲಿ ಅಲೆಗಳಿಗಿಂತ ಜನರ ಸದ್ದೇ ಹೆಚ್ಚು. ಅದು ಸಂಭ್ರಮದ ಜಾಗ, ಇರಲಿ. ಆದರೆ ಯಾರೊಂದಿಗೂ ಮಾತಿಲ್ಲದೆ ನಾಲ್ಕು ಹೆಜ್ಜೆ ನಡೆಯಬೇಕು ಎನಿಸಿದಾಗ ಈ ಊರಿನಲ್ಲಿ ಕಡಲಿಗೆ ಬೆನ್ನು ಹಾಕಿ ಗುಡ್ಡೆ ಹತ್ತಬೇಕು.

ಅದಕ್ಕೆ ಕಾರಣ ನೆಲದಲ್ಲೇ ಇದೆ. ಮಂಗಳೂರು ಬೆಳೆದದ್ದು ಮುರಕಲ್ಲಿನ ಗುಡ್ಡೆಗಳ ಮೇಲೆ, ಅವುಗಳ ನಡುವಿನ ಬೈಲುಗಳಲ್ಲಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ತೂತುತೂತಾದ ಮುರಕಲ್ಲು ಆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಡಿಯ ಜೇಡಿಮಣ್ಣು ಅದನ್ನು ತಡೆಯುತ್ತದೆ. ಕೆಳಗಿಳಿಯಲಾರದ ನೀರು ಗುಡ್ಡೆಯ ಮಗ್ಗುಲಲ್ಲಿ ಒರತೆಯಾಗಿ ಹೊರಬರುತ್ತದೆ. ಒರತೆಯಿದ್ದಲ್ಲಿ ದೊಡ್ಡ ಮರ, ಮರದಡಿ ಬೇಸಿಗೆಯಲ್ಲೂ ಆರದ ತಂಪು. ಕರಾವಳಿಯ ಸೆಖೆಯಲ್ಲಿ ಮನುಷ್ಯ ಸುಮ್ಮನೆ ಕೂರಲು ಬೇಕಾದದ್ದು ಇಷ್ಟೇ.

ಕದ್ರಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಮಂಜುನಾಥ ದೇವಸ್ಥಾನದ ಹಿಂಬದಿಯ ಗೋಮುಖದ ನೀರು ಕೆರೆಗಳಿಗೆ ಇಳಿಯುತ್ತದೆ. ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ದೊರೆ ಕುಂದವರ್ಮ ಪ್ರತಿಷ್ಠಾಪಿಸಿದ್ದು ಕ್ರಿ.ಶ. 968ರಲ್ಲಿ, ಅದರ ಪೀಠದ ಶಾಸನ ಈ ಸ್ಥಳವನ್ನು ಕದರಿಕಾ ವಿಹಾರವೆಂದು ಹೇಳುತ್ತದೆ. ಮುಂದೆ ನಾಥಪಂಥದ ಜೋಗಿಗಳೂ ಇದೇ ಗುಡ್ಡೆಯಲ್ಲಿ ನೆಲೆಯಾದರು. ದೇವಸ್ಥಾನದಿಂದ ಮೆಟ್ಟಿಲೇರಿ ಜೋಗಿ ಮಠದತ್ತ ನಡೆದರೆ, ಧ್ಯಾನಕ್ಕೆ ಕೂರುವವರು ಸಾವಿರ ವರ್ಷದ ಹಿಂದೆಯೇ ಈ ನೀರನ್ನೂ ನೆರಳನ್ನೂ ಏಕೆ ಆರಿಸಿಕೊಂಡರೆಂದು ಯಾರೂ ವಿವರಿಸಬೇಕಾಗುವುದಿಲ್ಲ. ಕದ್ರಿ ಪಾರ್ಕಿಗೆ ಬೆಳಗಿನ ನಡಿಗೆಗೆ ಬರುವ ಹಿರಿಯರು ಬಹಳ ಹಳೆಯದೊಂದು ಬಳಕೆಯನ್ನೇ ಮುಂದುವರಿಸುತ್ತಿದ್ದಾರೆ.

ಬಾವುಟಗುಡ್ಡೆಯ ಟ್ಯಾಗೋರ್ ಪಾರ್ಕ್ ಚಿಕ್ಕದು. ಆದರೆ ಪೇಟೆಯ ಗದ್ದಲದ ನಡುವೆಯೇ ಎತ್ತರದಲ್ಲಿ ಕೂರಲು ಜಾಗ ಕೊಡುತ್ತದೆ. ಇನ್ನೂ ದೂರ ಹೋಗಬಲ್ಲವರಿಗೆ ಮೂಡುಶೆಡ್ಡೆಯ ಪಿಲಿಕುಳವಿದೆ. ಶಿವರಾಮ ಕಾರಂತರ ಹೆಸರು ಹೊತ್ತ ಸುಮಾರು 370 ಎಕರೆಯ ಈ ನಿಸರ್ಗಧಾಮದಲ್ಲಿ ಹೆಚ್ಚಿನವರು ಹೋಗುವುದು ಹುಲಿ ನೋಡಲು. ಪಶ್ಚಿಮಘಟ್ಟದ ಮರಗಳನ್ನು ಸಂಗ್ರಹಿಸಿ ಬೆಳೆಸಿದ ಸಸ್ಯೋದ್ಯಾನಕ್ಕೆ ಅಷ್ಟು ಜನ ಹೋಗುವುದಿಲ್ಲ. ನಡೆಯುವವರಿಗೆ ಅದೇ ಅನುಕೂಲ. ಕಡಲೇ ಬೇಕೆಂದರೆ ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿಯಿಂದ ಗುರುಪುರ ನದಿ ದಾಟಿದಲ್ಲಿ ತಣ್ಣೀರುಬಾವಿಯಿದೆ. ನದಿಗೂ ಸಮುದ್ರಕ್ಕೂ ನಡುವಿನ ಮರಳುಪಟ್ಟಿ ಅದು. ಅಲ್ಲಿ ಅರಣ್ಯ ಇಲಾಖೆ ವೃಕ್ಷೋದ್ಯಾನ ಮಾಡಿದೆ. ವಾರದ ಮಧ್ಯೆ, ಬೆಳಗ್ಗೆ ಹೋದರೆ ಗಾಳಿಮರಗಳ ಸುಯ್ಯೆಂಬ ಸದ್ದು ಕೇಳಿಸುತ್ತದೆ.

ಇವೆಲ್ಲಕ್ಕಿಂತ ಹಳೆಯದು, ಊರಿನ ಒಳಗೇ ಉಳಿದಿರುವುದು ನಾಗಬನ. ಕೊಡಲಿ ತಾಗಬಾರದು, ಗದ್ದಲ ಕೂಡದು ಎಂಬ ಕಟ್ಟುಪಾಡೊಂದೇ ತುಳುನಾಡಿನ ಎಷ್ಟೋ ಹಳೆಯ ಮರಬಳ್ಳಿಗಳನ್ನು ಕಾಪಾಡಿತು. ಬನ ವಿಹಾರದ ಜಾಗವಲ್ಲ. ಆದರೂ ಉದ್ಯಾನ ನೋಡಿಕೊಳ್ಳುವವರಿಗೆ ಅದರಲ್ಲೊಂದು ಪಾಠವಿದೆ. ಒಂದು ಜಾಗವನ್ನು ಅದರ ಪಾಡಿಗೆ ಬಿಡುವುದೂ ಜವಾಬ್ದಾರಿಯ ಕೆಲಸವೇ. ಇಂದು ಎಷ್ಟೋ ಕಡೆ ಮರ ಕಡಿದು ಕಾಂಕ್ರೀಟಿನ ಕಟ್ಟೆ ಕಟ್ಟಿದ್ದಾರೆ. ಭಕ್ತಿ ಕಡಿಮೆಯಾಗದಿದ್ದರೂ ತಂಪು ಹೋಯಿತು, ಹಕ್ಕಿ ಹೋಯಿತು.

ಪಾರ್ಕುಗಳಲ್ಲೂ ಹೀಗೇ ಆಗುತ್ತಿದೆ. ಅಭಿವೃದ್ಧಿ ಎಂದರೆ ಬಣ್ಣದ ದೀಪ, ಇಂಟರ್‌ಲಾಕ್ ನೆಲ, ಧ್ವನಿವರ್ಧಕ, ತಿಂಡಿ ಅಂಗಡಿ ಎಂದಾಗಿದೆ. ಇಂಟರ್‌ಲಾಕ್ ಮುಚ್ಚಿದ ನೆಲಕ್ಕೆ ಮಳೆನೀರು ಇಳಿಯುವುದು ಕಡಿಮೆ. ಒರತೆ ಬತ್ತಲು ಅಷ್ಟು ಸಾಕು. ಕಾನೂನು ನಮ್ಮಲ್ಲಿ ಇಲ್ಲವೆಂದಲ್ಲ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೆ ಕರ್ನಾಟಕ 1985ರಲ್ಲೇ ಕಾಯ್ದೆ ಮಾಡಿತು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನೆರೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಕಾಯ್ದೆ, ತೀರ್ಪುಗಳು ಜಾಗವನ್ನು ಉಳಿಸಿಕೊಡಬಲ್ಲವು. ಅಲ್ಲಿನ ಶಾಂತಿಯನ್ನು ಉಳಿಸಬೇಕಾದವರು ಪಾಲಿಕೆಯವರು, ನಾವು.

ಹಿತ್ತಿಲಿರುವ ಮನೆಯವರಿಗೆ ಮಾವಿನಡಿ ಕುರ್ಚಿ ಹಾಕಿಕೊಂಡರಾಯಿತು. ಫ್ಲ್ಯಾಟಿನ ಆರನೇ ಮಹಡಿಯ ಅಜ್ಜಿಗೆ, ರಾತ್ರಿಪಾಳಿ ಮುಗಿಸಿದ ನರ್ಸಿಗೆ, ಒಂದೇ ಕೋಣೆಯಲ್ಲಿ ನಾಲ್ವರಿದ್ದು ಓದುವ ಹುಡುಗನಿಗೆ ಆ ಭಾಗ್ಯವಿಲ್ಲ. ಹಣವಿದ್ದವರು ಮೌನವನ್ನು ರೆಸಾರ್ಟಿನಲ್ಲಿ ಕೊಳ್ಳುತ್ತಾರೆ. ಇಲ್ಲದವರಿಗಿರುವುದು ಊರಿನ ಉದ್ಯಾನವೊಂದೇ. ಆದ್ದರಿಂದ ಪ್ರತಿ ವಾರ್ಡಿನಲ್ಲೂ ಒಂದು ಪಾರ್ಕನ್ನಾದರೂ ಮರ, ಮಣ್ಣಿನ ದಾರಿ, ಕುಡಿಯುವ ನೀರು, ಕೂರಲು ಕಲ್ಲುಬೆಂಚು ಇಷ್ಟಕ್ಕೇ ಮೀಸಲಿಡಬೇಕು. ಅದನ್ನು ದಿನವೂ ಗುಡಿಸಿ, ಗಿಡಗಳಿಗೆ ನೀರುಣಿಸುವ ಕೆಲಸಗಾರರಿಗೆ ಸರಿಯಾದ ಸಂಬಳ ಸಿಗಬೇಕು. ಪಾಲಿಕೆಯ ಆಯವ್ಯಯದಲ್ಲಿ ಇದಕ್ಕೊಂದು ಸಾಲು ಮೀಸಲಿಡಿ ಎಂದು ನಮ್ಮ ವಾರ್ಡಿನ ಪ್ರತಿನಿಧಿಯನ್ನು ಕೇಳುವ ಹಕ್ಕು ನಮಗಿದೆ. ಈ ವರ್ಷವೇ ಕೇಳೋಣ.